ಹೊಸಬರ ಕ್ಲಚ್ಚಿಗೆ ಮಾತ್ರ ಕೇಳಿಸಿದ ಸದ್ದು

ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು ತಾರ್ನಾಕದ ನಮ್ಮ ಗ್ಯಾರೇಜಿನ ಮುಂದೆ ಬಂದು ನಿಂತಿತು. ನೇರವಾಗಿ ಬರಲಿಲ್ಲ, ಏಡಿಯ ಹಾಗೆ ತುಸು ಓರೆಯಾಗಿ ಬಂತು. ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿ ಹಿಡಿದರೆ ಮಾತ್ರ ಅದು ನೇರ ಹೋಗುತ್ತಿತ್ತು, ಬಿಟ್ಟರೆ ಎಡಕ್ಕೆ ಎಳೆಯುತ್ತಿತ್ತು.

ಓಡಿಸಿಕೊಂಡು ಬಂದವರು ಸ್ಕೂಲಿನ ಒಡತಿ. ಒಂದೇ ಕಾರಿನ ಸ್ಕೂಲು ಅದು. ಕಲಿಸುವವರೂ ಅವರೇ, ಕಾರು ತೊಳೆಯುವವರೂ ಅವರೇ. ಒಂದು ವರ್ಷದಿಂದ ಅವರ ಕಾರಿನ ಕೆಲಸ ನಮ್ಮಲ್ಲೇ ಆಗುತ್ತಿತ್ತು. ಪಕ್ಕದ ಸೀಟಿನಲ್ಲಿ ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದವರು ಅವರ ವಿದ್ಯಾರ್ಥಿನಿ, ಅರವತ್ತು ದಾಟಿದ ಹೆಂಗಸು. ಅಂದು ಬೆಳಿಗ್ಗೆ ವಿಶ್ವವಿದ್ಯಾಲಯದ ಆವರಣದ ಖಾಲಿ ರಸ್ತೆಯಲ್ಲಿ ಕಲಿಯುತ್ತಿದ್ದಾಗ ಅವರ ಕೈಯಲ್ಲಿ ಕಾರು ಫುಟ್‌ಪಾತಿನ ಕಲ್ಲಿಗೆ ಬಡಿದಿತ್ತು.

ನಮ್ಮ ಜಾಬ್ ಕಾರ್ಡಿನಲ್ಲಿ ಎರಡು ಅಂಕಣ ಇರುತ್ತವೆ. ಎಡಕ್ಕೆ ಗಿರಾಕಿ ಹೇಳಿದ್ದು, ಬಲಕ್ಕೆ ನಾವು ಕಂಡದ್ದು. ಇವೆರಡನ್ನೂ ಬೆರೆಸಬಾರದು ಎಂಬುದು ನಾನೇ ಮಾಡಿದ ನಿಯಮ. ಎಡ ಅಂಕಣ ತುಂಬಲು ಟೀಚರ್ ಅವರನ್ನು ಕೇಳಿದೆ.

“ಅನ್ನಾ, ಕುಕ್ಕ ಅಡ್ಡಂ ವಚ್ಚಿಂದಿ,” ಎಂದರು ತೆಲುಗಿನಲ್ಲಿ. ನಾಯಿ ಅಡ್ಡ ಬಂತಂತೆ. ನಾವಿಬ್ಬರೂ ವರ್ಷದಿಂದ ಮಾತಾಡುತ್ತಿದ್ದುದು ತೆಲುಗಿನಲ್ಲೇ.

“ಕುಕ್ಕ ಕಾದು, ನೆಮಲಿ,” ಎಂದರು ವಿದ್ಯಾರ್ಥಿನಿ. ನಾಯಿ ಅಲ್ಲ, ನವಿಲು.

ಸಾಕ್ಷಿಗಳು ಇಬ್ಬರು, ಹೇಳಿಕೆಗಳೂ ಎರಡು. “ಎದುರಿಗೆ ಏನೋ ಬಂತು” ಎಂದು ಬರೆದುಕೊಂಡೆ. ಅಷ್ಟರಲ್ಲಿ ವಿದ್ಯಾರ್ಥಿನಿ ಕಾರಿನಿಂದಿಳಿದು ಮುಂದಿನ ಎಡಗಾಲಿಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದರು.

“ಅಯ್ಯ ನಮ್ಮವ್ವಾ! ಗಾಲಿ ಹ್ಯಾಂಗ ಸೊಟ್ಟಾಗೇತಿ ನೋಡ!”

ಬರೆಯುತ್ತಿದ್ದ ನನ್ನ ಕೈ ನಿಂತಿತು. “ಎಲ್ಲಿಯವರ್ರಿ ನೀವು?”

“ರಾಯಚೂರ. ಯಾಕ?”

“ನಮ್ದು ಯಾದಗಿರಿ.”

“ಏ ನಿಲ್ರಿ ನಿಲ್ರಿ,” ಎಂದರು ಟೀಚರ್, ಈಗ ಕನ್ನಡದಲ್ಲಿ. “ನಂದು ಸೇಡಂ! ಒಂದ್ ವರ್ಷ ಆತು, ಇವ್ರಿಗಿ ನಾ ತೆಲುಗಿನ್ಯಾಗ ಬ್ರೇಕ್ ಆಯಿಲ್ ಕೇಳಾಕತ್ತೀನಿ!”

ಇನ್ನೊಂದು ಕಾರಿನ ಕೆಳಗಿನಿಂದ ನಮ್ಮ ಉಸ್ತಾದರ ದನಿ ಬಂತು. “ಮೈ ಭೀ ಹುಮ್ನಾಬಾದ್ ಕಾಚ್ ಹೂಂ. ನನ್ನ ಮಾತ್ರ ಯಾರೂ ಕೇಳಾಂಗಿಲ್ಲ ನೋಡ್ರಿ.” ಹುಮ್ನಾಬಾದಿನ ಈ ಉಸ್ತಾದರು ನನಗಿಂತ ಹದಿನೈದು ವರ್ಷ ಹಿರಿಯರು. ಗ್ಯಾರೇಜು ನನ್ನ ಹೆಸರಿನಲ್ಲಿದ್ದರೂ ಕಬ್ಬಿಣದ ವಿಷಯದಲ್ಲಿ ಕೊನೆಯ ಮಾತು ಅವರದೇ.

ನಗು ಮುಗಿದ ಮೇಲೆ ಟೀಚರ್ ನನ್ನನ್ನು ಬದಿಗೆ ಕರೆದು ವಿಷಯ ಹೇಳಿದರು. ವಿದ್ಯಾರ್ಥಿನಿಯ ಕಲಿಕಾ ಲೈಸೆನ್ಸು ಶನಿವಾರಕ್ಕೆ ಮುಗಿಯುತ್ತದೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಡ್ರೈವಿಂಗ್ ಪರೀಕ್ಷೆ, ಮೂರನೆಯ ಯತ್ನ. ಅವರ ಯಜಮಾನರಿಗೆ ಕಣ್ಣು ಮಂಜಾದದ್ದರಿಂದ ಮನೆಯ ಕಾರು ವರ್ಷದಿಂದ ಹೊದಿಕೆಯ ಕೆಳಗೆ ನಿಂತಿದೆ. ಬ್ಯಾಟರಿ ಸತ್ತಿದೆ, ವಿಮೆಯೂ ಮುಗಿದಿದೆ, ಅದನ್ನು ಪರೀಕ್ಷೆಗೆ ಒಯ್ಯುವಂತಿಲ್ಲ. ಈ ಸಲವೂ ಆಗದಿದ್ದರೆ ಅದನ್ನು ಮಾರುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಭಾನುವಾರ ಕೊಳ್ಳುವವನು ನೋಡಲು ಬರುತ್ತಾನೆ.

“ಬ್ಯಾರೆ ಸ್ಕೂಲಿನ ಗಾಡಿ ತಗೊಂಡು ಹೋಗ್ಬಹುದಲ್ರಿ?” ಎಂದೆ.

“ಹೋದ ಸಲ ಹಾಂಗ ಮಾಡಿದ್ದೆ. ಅದರ ಕ್ಲಚ್ ಬ್ಯಾರೆ ಕಡೆ ಹಿಡೀತಿತ್ತು. ಟ್ರ್ಯಾಕ್ ಮ್ಯಾಲ ನಾಕ್ ಸಲ ಬಂದ್ ಬಿತ್ತು. ಇವ್ರಿಗಿ ಇದೊಂದೇ ಗಾಡಿ ಗೊತ್ತೈತಿ.”

ಅಂದರೆ ನಮಗಿದ್ದದ್ದು ಮೂರು ದಿನ.

*

ಬಲ ಅಂಕಣದ ಕೆಲಸ ಶುರುವಾಯಿತು. ಎಡ ಮುಂಗಾಲಿಯ ರಿಮ್ಮಿನ ಅಂಚು ಬಾಗಿತ್ತು, ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಗಾಲಿ ತನ್ನ ಗೂಡಿನ ಮಧ್ಯದಲ್ಲಿರದೆ ಹಿಂದಕ್ಕೆ ಸರಿದಿತ್ತು. ಟೇಪು ಹಿಡಿದು ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ ಎರಡೂ ಬದಿ ಅಳೆದೆ. ಬಲಕ್ಕಿಂತ ಎಡ ಹದಿನಾಲ್ಕು ಮಿಲಿಮೀಟರ್ ಕಡಿಮೆ.

ಕಾರನ್ನು ಲಿಫ್ಟಿಗೇರಿಸಿ ಕೆಳಗಿನಿಂದ ನೋಡಿದಾಗ ಕಾರಣ ಎದುರಿಗೇ ಇತ್ತು. ಗಾಲಿಯನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್ ಬಾಗಿತ್ತು, ಬಣ್ಣ ಬಿರಿದು ಬೂದು ಗೆರೆಗಳು ಮೂಡಿದ್ದವು. ಸ್ಟಿಯರಿಂಗಿನ ಎಳೆತವನ್ನು ಗಾಲಿಗೆ ಮುಟ್ಟಿಸುವ ಟೈ ರಾಡು ಕೂಡ ಸಣ್ಣಗೆ ಬಳುಕಿತ್ತು. ಮೇಲಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ನೆಟ್ಟಗಿದ್ದವು, ಎಣ್ಣೆ ಸೋರಿರಲಿಲ್ಲ.

ಹದಿನಾಲ್ಕು ಮಿಲಿಮೀಟರಿಗೆ ಬಾಗಿದ ಆರ್ಮು ಸರಿಯಾದ ಉತ್ತರ. ಉತ್ತರ ಸಿಕ್ಕಿತೆಂದು ನಾನು ಹುಡುಕುವುದನ್ನು ನಿಲ್ಲಿಸಿದೆ. ಒಬ್ಬ ಅಪರಾಧಿ ಒಪ್ಪಿಕೊಂಡ ಮೇಲೆ ಜತೆಯಲ್ಲಿ ಇನ್ನೊಬ್ಬನಿದ್ದನೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆ ದಿನದ ಕಾರ್ಡನ್ನು ಈಗ ತೆಗೆದು ನೋಡಿದರೂ ಬಲ ಅಂಕಣ ಮೂರೇ ಸಾಲಿಗೆ ಮುಗಿದಿದೆ. ಹೊಸ ಆರ್ಮು, ಟೈ ರಾಡು, ಟೈರು, ರಿಮ್ಮು ತರಿಸಲು ಫೋನು ಮಾಡಿದೆ.

ಬುಧವಾರ ಹನ್ನೊಂದಕ್ಕೆ ಸಾಮಾನು ಬಂತು. ಹಳೆಯ ಆರ್ಮನ್ನೂ ಹೊಸದನ್ನೂ ನೆಲದ ಮೇಲೆ ಅಕ್ಕಪಕ್ಕ ಇಟ್ಟೆವು. ಹಳೆಯದು ಒಂದು ಬೆರಳಿನಷ್ಟು ಒಳಕ್ಕೆ ಮಡಚಿಕೊಂಡಿತ್ತು. ಉಸ್ತಾದರು ಅದನ್ನು ಕಾಲಿನಿಂದ ಒತ್ತಿ ನೋಡಿ, “ನವಿಲು ಭಾಳ ಭಾರಿ ಇತ್ತು ಮಿಯಾ,” ಎಂದು ಮಧ್ಯಾಹ್ನದ ನಮಾಜಿಗೆ ಹೊರಟರು. ಊಟ ಮುಗಿಸಿಯೇ ಬರುವುದು ಅವರ ವಾಡಿಕೆ.

ಅವರು ಹೋದ ಐದು ನಿಮಿಷಕ್ಕೆ ವಿದ್ಯಾರ್ಥಿನಿ ಬಂದರು, ಹಿಂದೆ ಟೀಚರ್. ಕೈಯಲ್ಲಿ ಸ್ಟೀಲಿನ ಡಬ್ಬಿ. “ಮನ್ಯಾಗ ಕುಂತ್ರ ಜೀವ ನಿಲ್ಲವಲ್ದು ತಮ್ಮಾ. ರೊಟ್ಟಿ ಮಾಡ್ಕೊಂಡ ಬಂದೀನಿ. ಗಾಡಿ ಹೊಡಿಯಾಕ ಬರ್ಲಿಕ್ಕರ ಏನಾತು, ರೊಟ್ಟಿ ಬಡಿಯಾಕ ಬರ್ತೈತಿ.”

ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳಿನ ಪಲ್ಯ. ನಾನು ಆರ್ಮು ಕೂರಿಸುತ್ತಿದ್ದೆ. ಕೈ ತುಂಬ ಗ್ರೀಸು. ಟೀಚರ್ ರೊಟ್ಟಿ ಮುರಿದು ಚಟ್ನಿ ಹಚ್ಚಿ, ಕಾಗದದಲ್ಲಿ ಸುತ್ತಿ ಕೊಟ್ಟರು. ಒಂದು ತುಂಡು ಬಾಯಲ್ಲಿ, ಒಂದು ಬೋಲ್ಟು ಕೈಯಲ್ಲಿ. ಮಾತು ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಎನ್ನುವಲ್ಲಿ ಸಿಕ್ಕಿಕೊಂಡಿತು.

“ಸೇಡಂದಾಗ ಇಷ್ಟ್ ಬಳ್ಳೊಳ್ಳಿ ಹಾಕಂಗಿಲ್ರಿ,” ಎಂದರು ಟೀಚರ್.

“ಅದಕ್ಕ ಸೇಡಂ ಚಟ್ನಿ ಹೆಸರು ಯಾರೂ ಕೇಳಿಲ್ಲ,” ಎಂದರು ವಿದ್ಯಾರ್ಥಿನಿ.

“ಯಾದಗಿರಿದಾಗ ಹುರದ ಬಳ್ಳೊಳ್ಳಿ,” ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಇಬ್ಬರೂ ನನ್ನ ಮೇಲೆ ತಿರುಗಿಬಿದ್ದರು.

ಹೊರಗೆ ತೆಲುಗು, ಹಿಂದಿಯಲ್ಲೇ ದಿನ ಕಳೆಯುವವರಿಗೆ ಕೆಲಸದ ಜಾಗದಲ್ಲಿ ಊರ ಮಾತು ಸಿಕ್ಕರೆ ಹೀಗಾಗುತ್ತದೆ. ಮುಕ್ಕಾಲು ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ನಾನು ಆರ್ಮಿನ ಎಲ್ಲ ಬೋಲ್ಟುಗಳನ್ನೂ, ಕಾರು ಲಿಫ್ಟಿನ ಮೇಲಿದ್ದಾಗಲೇ, ಗಾಲಿಗಳು ಗಾಳಿಯಲ್ಲಿ ಜೋತಾಡುತ್ತಿದ್ದಾಗಲೇ, ಪೂರ್ತಿ ಬಿಗಿದುಬಿಟ್ಟಿದ್ದೆ.

ಇದು ತಪ್ಪು. ಆರ್ಮಿನ ತುದಿಯಲ್ಲಿ ರಬ್ಬರಿನ ಬುಷ್ ಇರುತ್ತದೆ. ಬಿಗಿದ ಕ್ಷಣದಲ್ಲಿ ಆರ್ಮು ಯಾವ ಕೋನದಲ್ಲಿರುತ್ತದೋ ಅದನ್ನೇ ರಬ್ಬರು ತನ್ನ ನೆಲೆಯೆಂದುಕೊಳ್ಳುತ್ತದೆ. ಜೋತಾಡುವಾಗ ಬಿಗಿದರೆ ಕಾರು ನೆಲಕ್ಕಿಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ. ಅದಕ್ಕೇ ಈ ಬೋಲ್ಟುಗಳನ್ನು ಕಾರಿನ ಭಾರ ಗಾಲಿಗಳ ಮೇಲೆ ಕೂತ ನಂತರವೇ ಬಿಗಿಯಬೇಕು. ನನಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಇದನ್ನು ಹೇಳಿಕೊಡುತ್ತ ಬಂದವನೇ ನಾನು.

ಕಾರು ಇಳಿಸಿದೆ. ಟೇಪು ಹಿಡಿದರೆ ಎರಡೂ ಬದಿ ಒಂದೇ ಅಳತೆ. ಖುಷಿಯಾಯಿತು. ಹೊರಗೆ ಒಯ್ದರೆ ಖುಷಿ ಇಳಿಯಿತು. ರಸ್ತೆಯ ಪ್ರತಿ ಉಬ್ಬಿಗೂ ಎಡಗಡೆಯಿಂದ ‘ಕಿರ್’ ಎಂಬ ಸದ್ದು. ಎಳೆತ ಕಡಿಮೆಯಾಗಿತ್ತು, ಹೋಗಿರಲಿಲ್ಲ. ವಾಪಸು ತಂದು ಎತ್ತರ ಅಳೆದೆ. ಎಡ ಮೂಲೆ ಬಲಕ್ಕಿಂತ ಹನ್ನೆರಡು ಮಿಲಿಮೀಟರ್ ಎತ್ತರ. ಸ್ಪ್ರಿಂಗಿಗೇ ಪೆಟ್ಟಾಗಿದೆ ಎಂದುಕೊಂಡು ಹೊಸ ಸ್ಪ್ರಿಂಗಿಗೆ ಹೇಳಲು ಫೋನು ತೆಗೆದೆ.

ಅಷ್ಟರಲ್ಲಿ ಉಸ್ತಾದರು ಬಂದರು. ಕಾರಿನ ಮೂಲೆಯನ್ನು ಎರಡು ಸಲ ಕೈಯಿಂದ ಅದುಮಿದರು. ‘ಕಿರ್’ ಎಂದಿತು. ಡಬ್ಬಿ ನೋಡಿದರು. ನನ್ನ ಬಾಯಿ ನೋಡಿದರು.

“ಬೋಲ್ಟ್ ಎಲ್ಲಿ ಟೈಟ್ ಮಾಡ್ದಿ? ಜಮೀನ್ ಮ್ಯಾಲೋ, ಹವಾದಾಗೋ?”

ನಾನು ಫೋನು ಕೆಳಗಿಟ್ಟೆ.

“ವಾಹ್ ರೇ ಉಸ್ತಾದ್!” ಎಂದರು ನನಗೆ. ಅವರು ನನ್ನನ್ನು ಆ ಪದದಿಂದ ಕರೆಯುವುದು ಇಂಥ ದಿನಗಳಲ್ಲಿ ಮಾತ್ರ. ಆಮೇಲೆ ವಿದ್ಯಾರ್ಥಿನಿಯ ಕಡೆ ತಿರುಗಿದರು. “ಆಪಾ, ರೊಟ್ಟಿ ಉಳದೈತೇನ್ರಿ? ನಮ್ಮ ಸೇಠ್ ಒಬ್ಬರೇ ಅಷ್ಟೂ ತಿಂದು ನಟ್ ಬೋಲ್ಟ್ ಮರತಾರ.”

ನಾಲ್ಕೂ ಗಾಲಿಗಳ ಕೆಳಗೆ ದಪ್ಪ ಮರದ ಹಲಗೆಗಳನ್ನಿಟ್ಟು, ಭಾರ ಕೂರುವಂತೆ ಕಾರನ್ನು ಅವುಗಳ ಮೇಲಿಳಿಸಿದೆವು. ಬೋಲ್ಟು ಸಡಿಲಿಸಿದಾಗ ಎಡ ಮೂಲೆ ಉಸಿರು ಬಿಟ್ಟಂತೆ ಕೆಳಗೆ ಕೂತಿತು. ಟೀಚರ್ ಮತ್ತು ವಿದ್ಯಾರ್ಥಿನಿಯನ್ನು ಮುಂದಿನ ಸೀಟುಗಳಲ್ಲಿ ಕೂರಿಸಿ, ಕಾರನ್ನು ನಾಲ್ಕು ಸಲ ಕುಲುಕಿ, ಆಮೇಲೆ ಬಿಗಿದೆ. ಎತ್ತರ ಸರಿಯಾಯಿತು, ಕಿರಿಕಿರಿ ನಿಂತಿತು. ಸ್ಪ್ರಿಂಗು ತರಿಸಿದ್ದರೆ ಒಳ್ಳೆಯ ಸ್ಪ್ರಿಂಗನ್ನು ಕಿತ್ತು ಬೇರೊಂದನ್ನು ಹಾಕಿ, ತಪ್ಪನ್ನು ಒಳಗೇ ಉಳಿಸಿಕೊಂಡಿರುತ್ತಿದ್ದೆ. ಹಾಗೆಂದು ಟೀಚರ್‌ಗೆ ಹೇಳಿದೆ. ಅವರು, “ತಪ್ಪು ಬಳ್ಳೊಳ್ಳೀದು,” ಎಂದರು.

ಸಂಜೆ ಅಲೈನ್‌ಮೆಂಟ್ ಯಂತ್ರಕ್ಕೆ ಹಾಕಿದಾಗ ಪರದೆಯ ಮೇಲೆ ಎರಡು ಕೆಂಪು ಅಂಕಿಗಳು ಬಂದವು. ಗಾಲಿ ನೆಟ್ಟಗೆ ನಿಂತಿದೆಯೋ ವಾಲಿದೆಯೋ ತಿಳಿಸುವ ಅಳತೆಗೆ ಕ್ಯಾಂಬರ್ ಎನ್ನುತ್ತಾರೆ. ಎಡಗಾಲಿಯ ತಲೆ ಹೊರಕ್ಕೆ ಒಂದು ಡಿಗ್ರಿಗಿಂತ ತುಸು ಹೆಚ್ಚು ವಾಲಿತ್ತು. ಏಟು ಬಿದ್ದ ಬದಿ, ಇರಲಿ. ಆದರೆ ಏನೂ ತಾಗದ ಬಲಗಾಲಿಯ ತಲೆ ಅಷ್ಟೇ ಪ್ರಮಾಣದಲ್ಲಿ ಒಳಕ್ಕೆ ವಾಲಿತ್ತು. ಎರಡನ್ನೂ ಕಾರ್ಡಿನಲ್ಲಿ ಬರೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಶಟರ್ ಎಳೆದೆ.

*

ಗುರುವಾರ ಎಂಟು ಗಂಟೆಗೆ ಟೀಚರ್, ವಿದ್ಯಾರ್ಥಿನಿ, ನಾನು ಮೂವರೂ ಗ್ಯಾರೇಜಿನಲ್ಲಿದ್ದೆವು. ಹೊರಗೆ ಒಂದು ಸುತ್ತು ನಾನೇ ಓಡಿಸಿದೆ. ತುಸು ಎಳೆತ ಬಿಟ್ಟರೆ ಯಾವ ಸದ್ದೂ ಇಲ್ಲ. ಟೀಚರ್ ಓಡಿಸಿದರು. ಸದ್ದಿಲ್ಲ. ಅಭ್ಯಾಸ ತಪ್ಪಬಾರದೆಂದು ವಿದ್ಯಾರ್ಥಿನಿಗೂ ಒಂದು ಸುತ್ತು ಕೊಟ್ಟೆವು. ಟೀಚರ್ ಪಕ್ಕದಲ್ಲಿ, ತಮ್ಮ ಬದಿಯ ಬ್ರೇಕಿನ ಮೇಲೆ ಕಾಲಿಟ್ಟು, ನಾನು ಹಿಂದೆ. ಕಾರು ಒಮ್ಮೆ ಮುಗ್ಗರಿಸಿ ಹೊರಟಿತು.

“ಕಟ್ ಅಂತು,” ಎಂದರು ವಿದ್ಯಾರ್ಥಿನಿ.

“ಏನೂ ಅನ್ನಲಿಲ್ರಿ ಅಕ್ಕಾರ,” ಎಂದರು ಟೀಚರ್.

“ಅಂತು. ನನ್ನ ಕಾಲಬುಡಕ್ಕ, ಬಲಗಡೆ.”

“ಏಟು ಬಿದ್ದದ್ದು ಎಡಗಡೆರಿ.”

“ನೋಡ್ವಾ, ನಾ ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಮೂವತ್ತೊಂದು ವರ್ಷ ಕಿವಿಗೆ ಫೋನ್ ಹಚ್ಕೊಂಡ ಕುಂತಾಕಿ. ಯಾವ ಲೈನಿನ್ಯಾಗ ಯಾವ ಸಪ್ಪಳ ಅಂತ ನನಗ ಹೇಳಬ್ಯಾಡ. ಕಟ್ ಅಂತು.”

ನಾನು ಹಿಂದಿನ ಸೀಟಿನಲ್ಲಿ ಬಗ್ಗಿ, ಅವರ ಸೀಟಿನ ಕೆಳಗೆ ತಲೆ ಹಾಕಿದೆ. ಅವರು ನಿಲ್ಲಿಸಿ ಮತ್ತೆ ಹೊರಡಿಸಿದರು. ಕ್ಲಚ್ಚು ಗಬಕ್ಕನೆ ಬಿಟ್ಟರು, ಕಾರು ಕುಪ್ಪಳಿಸಿತು. ಆಗ ಕೇಳಿತು: ‘ಕಟ್’. ನನ್ನ ಮೂಗಿನ ಕೆಳಗೇ, ಬಲಗಡೆ.

ಮತ್ತೆ ನಾನು ಓಡಿಸಿದೆ. ಇಲ್ಲ. ಟೀಚರ್. ಇಲ್ಲ. ವಿದ್ಯಾರ್ಥಿನಿ. ಕಟ್.

ಮೂರನೆಯ ಸರದಿಗೆ ಹೊಳೆಯಿತು. ನಾವಿಬ್ಬರೂ ಕ್ಲಚ್ಚನ್ನು ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಬಿಡುತ್ತಿದ್ದೆವು. ವರ್ಷಗಳ ಅಭ್ಯಾಸ ಅದು. ಗಾಡಿಗೆ ನೋವಾಗದಂತೆ ಓಡಿಸುವುದು ಕಾಲಿಗೇ ಬಂದುಬಿಟ್ಟಿದೆ. ನೋವಾಗದಂತೆ ಓಡಿಸಿದರೆ ನೋವೆಲ್ಲಿದೆ ಎಂದು ಗಾಡಿ ಹೇಳುವುದಾದರೂ ಹೇಗೆ? ಹೊಸಬರ ಜಗ್ಗಾಟಕ್ಕೆ ಮಾತ್ರ ಅದು ಬಾಯಿ ಬಿಡುತ್ತಿತ್ತು. ಪರೀಕ್ಷಿಸಲು ನಾನೇ ಬೇಕೆಂದು ಕೆಟ್ಟದಾಗಿ ಓಡಿಸಿದೆ. ಸುಲಭವಿರಲಿಲ್ಲ. ನಾಲ್ಕನೆಯ ಯತ್ನಕ್ಕೆ ಕಾರು ಸಾಕಷ್ಟು ಜೋರಾಗಿ ಕುಪ್ಪಳಿಸಿ ‘ಕಟ್’ ಎಂದಿತು.

“ಇನ್ನೂ ಸ್ವಲ್ಪ ಕಲೀಬೇಕು ನೀವು,” ಎಂದರು ವಿದ್ಯಾರ್ಥಿನಿ. “ನನ್ನಷ್ಟು ಛಲೋ ಬರವಲ್ದು.”

ಲಿಫ್ಟಿಗೇರಿಸಿದೆವು. ಎಡವೂ ಬಲವೂ ಒಂದೇ ಪ್ರಮಾಣದಲ್ಲಿ ವಾಲಿದ್ದು, ಸದ್ದು ಪೆಟ್ಟು ಬೀಳದ ಬದಿಯಿಂದ ಬಂದದ್ದು, ಎರಡಕ್ಕೂ ಒಂದೇ ವಿವರಣೆ ಉಳಿದಿತ್ತು. ಎಂಜಿನ್ನಿನ ಕೆಳಗೆ ಉಕ್ಕಿನ ಅಗಲ ತೊಟ್ಟಿಲೊಂದು ಇರುತ್ತದೆ, ಸಬ್‌ಫ್ರೇಮ್ ಎನ್ನುತ್ತಾರೆ. ಎರಡೂ ಬದಿಯ ಆರ್ಮುಗಳು ಅದಕ್ಕೇ ಜೋಡಣೆಯಾಗಿರುತ್ತವೆ. ಅದನ್ನು ಕಾರಿನ ಮೈಗೆ ಹಿಡಿದಿರುವುದು ನಾಲ್ಕು ಬೋಲ್ಟು. ಉಸ್ತಾದರು ಬಲ ಮುಂದಿನ ಬೋಲ್ಟಿನ ಸುತ್ತಲಿನ ಮಣ್ಣು, ಎಣ್ಣೆ ಜಿಡ್ಡನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಟಾರ್ಚು ಹಿಡಿದರು.

“ಇಧರ್ ದೇಖೋ. ಬಿದಿಗಿ ಚಂದ್ರ.”

ಬೋಲ್ಟಿನ ವಾಷರು ಮೊದಲು ಕೂತಿದ್ದ ಜಾಗ ಅದು. ವರ್ಷಗಟ್ಟಲೆ ಗಾಳಿ, ನೀರು ತಾಗದ್ದರಿಂದ ಸ್ವಚ್ಛ ಲೋಹ ಸಣ್ಣ ಕಮಾನಿನಂತೆ ಹೊಳೆಯುತ್ತಿತ್ತು. ಉಳಿದ ಮೂರರಲ್ಲೂ ಅಂಥದೇ ಚಂದ್ರ, ಎಲ್ಲವೂ ಒಂದೇ ದಿಕ್ಕಿಗೆ. ಫುಟ್‌ಪಾತಿನ ಕಲ್ಲು ಎಡಗಾಲಿಯನ್ನು ಒದ್ದಾಗ ಇಡೀ ತೊಟ್ಟಿಲು ಆರು ಮಿಲಿಮೀಟರ್ ಬಲಕ್ಕೆ ಸರಿದಿತ್ತು. ಬಲ ಮುಂದಿನ ಬೋಲ್ಟು ಹಿಡಿತ ಕಳೆದುಕೊಂಡಿತ್ತು, ಜಗ್ಗಿದಾಗಲೆಲ್ಲ ತೊಟ್ಟಿಲು ಅಲ್ಲಿ ಕೂದಲೆಳೆಯಷ್ಟು ಆಡುತ್ತಿತ್ತು.

ಆಗ ಗಂಟೆ ಹನ್ನೊಂದೂವರೆ.

ದಾರಿಗಳು ಎರಡಿದ್ದವು. ಟೀಚರ್ ಮತ್ತು ವಿದ್ಯಾರ್ಥಿನಿಯನ್ನು ಬೆಂಚಿನ ಮೇಲೆ ಕೂರಿಸಿ ಎರಡನ್ನೂ ಹೇಳಿದೆ. ಮೊದಲನೆಯದು: ಬೋಲ್ಟನ್ನು ಇದ್ದಲ್ಲೇ ಬಿಗಿದು, ಎರಡೂ ಗಾಲಿಗಳಿಗೆ ಒಂದೊಂದು ತೆಳು ಬೋಲ್ಟು ಹಾಕಿ ವಾಲಿಕೆ ಸರಿದೂಗಿಸಿದರೆ ಪರದೆಯ ಮೇಲಿನ ಅಂಕಿಗಳು ಹಸಿರಾಗುತ್ತವೆ. ಕಾರು ನೇರ ಹೋಗುತ್ತದೆ. ಒಂದು ಗಂಟೆಯ ಕೆಲಸ. ಆದರೆ ತೊಟ್ಟಿಲು ತನ್ನ ಜಾಗದಲ್ಲಿರುವುದಿಲ್ಲ. ಒಮ್ಮೆ ಸರಿದದ್ದು ಮತ್ತೆ ಯಾವಾಗ ಸರಿಯುತ್ತದೆಂದು ನಾನು ಹೇಳಲಾರೆ. ಎರಡನೆಯದು: ನಾಲ್ಕೂ ಬೋಲ್ಟು ಸಡಿಲಿಸಿ ತೊಟ್ಟಿಲನ್ನು ಹಳೆಯ ಗುರುತಿಗೆ ತರುವುದು. ಸಂಜೆಯವರೆಗೆ ಬೇಕು. ಅಪಾಯವೂ ಇದೆ. ಬೋಲ್ಟುಗಳು ತುಕ್ಕು ಹಿಡಿದಿವೆ. ಒಂದರ ಒಳಗಿನ ನಟ್ಟು ಬೆಸುಗೆ ಬಿಟ್ಟು ಜತೆಯಲ್ಲೇ ತಿರುಗತೊಡಗಿದರೆ ನೆಲದ ತಗಡು ಕೊಯ್ಯಬೇಕು. ಆಗ ಶುಕ್ರವಾರ ಈ ಕಾರು ಹೊರಡುವುದಿಲ್ಲ.

“ನೀವೇನಂತೀರಿ?” ಎಂದರು ಟೀಚರ್.

“ಮೊದಲನೇದಕ್ಕ ನಾ ಸಹಿ ಹಾಕಂಗಿಲ್ರಿ. ಗಾಡಿ ನಿಮ್ದು.”

ಟೀಚರ್ ವಿದ್ಯಾರ್ಥಿನಿಯನ್ನು ನೋಡಿದರು. “ಅಕ್ಕಾರ, ನಾಳೆ ಒಂದಿನ ಇದ್ರಾಗ ನಡೀತೈತಿ. ನಿಮ್ದು ಪರೀಕ್ಷಾ ಮುಗದ ಮ್ಯಾಲ ಬಿಚ್ಚಿಸ್ತೀನಿ.”

ವಿದ್ಯಾರ್ಥಿನಿ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಬಿಗಿದರು.

“ನನ್ನ ಮುಂದಿನ ಪಾಳಿ ಯಾರ್ದು?”

“ನಾಳೆ ಹನ್ನೊಂದಕ್ಕ ಅಮೀರ್‌ಪೇಟ್ ಹಾಸ್ಟೆಲಿನ ಹುಡುಗಿ. ಆಕಿದು ಎರಡನೇ ಕ್ಲಾಸು.”

“ಮತ್ತ ಆಕೀನೂ ನನ್ನಂಗ ಕ್ಲಚ್ ಬಿಡ್ತಾಳ ಹೌದಿಲ್ಲೋ?” ನನ್ನ ಕಡೆ ತಿರುಗಿದರು. “ಸುಳ್ಳು ಹಸಿರು ನನಗ ಬ್ಯಾಡ ತಮ್ಮಾ. ಬಿಚ್ಚು.”

“ಹೋದ್ರ ನಿಮ್ಮ ಪರೀಕ್ಷಾ ಹೋಗ್ತೈತ್ರಿ,” ಎಂದರು ಟೀಚರ್.

“ಹೋಗಂಗಿಲ್ಲ ಅಂತ ನಾ ಎಲ್ಲಿ ಅಂದೆ? ಬಿಚ್ಚು ಅಂದೆ.”

ಟೀಚರ್ ಎದ್ದು ನಿಂತರು. “ಬಿಚ್ರಿ ಹಂಗಾದ್ರ.”

*

ತುಕ್ಕು ಸಡಿಲಿಸುವ ಎಣ್ಣೆ ಸುರಿದು ನಲವತ್ತು ನಿಮಿಷ ಬಿಟ್ಟೆವು. ಸ್ಟಿಯರಿಂಗನ್ನು ನೇರಕ್ಕೆ ಕಟ್ಟಿ, ತೊಟ್ಟಿಲಿನ ಕೆಳಗೆ ಜಾಕು ಕೊಟ್ಟೆವು. ಹಿಂದಿನ ಎರಡು ಬೋಲ್ಟು ಗೊಣಗುತ್ತ ಸಡಿಲಾದವು. ಎಡ ಮುಂದಿನದೂ ಆಯಿತು. ಬಲ ಮುಂದಿನದು, ಆ ‘ಕಟ್’ ಎನ್ನುವುದು, ಕಾಲು ಸುತ್ತು ಬಂದು ನಿಂತುಬಿಟ್ಟಿತು.

ಇಲ್ಲಿ ಬಲ ಹಾಕಿದವರು ಸೋಲುತ್ತಾರೆ. ಉಸ್ತಾದರು ಬೋಲ್ಟು ತಿರುಗಿಸುವ ಪಾನವನ್ನು ನನ್ನ ಕೈಯಿಂದ ತೆಗೆದುಕೊಂಡರು. ಕಾಲು ಸುತ್ತು ಸಡಿಲಿಸುವುದು, ಅಷ್ಟೇ ಮತ್ತೆ ಬಿಗಿಯುವುದು. ಎಣ್ಣೆ. ಕಾಲು ಸುತ್ತಿಗಿಂತ ಒಂದೆಳೆ ಹೆಚ್ಚು ಸಡಿಲ, ಮತ್ತೆ ಬಿಗಿ. ಎಣ್ಣೆ. ಪಾನದ ಮೇಲೆ ಒಂದು ಕೈ, ಬೋಲ್ಟಿನ ನೆತ್ತಿಯ ಮೇಲೆ ಇನ್ನೊಂದು ಕೈಯ ಬೆರಳು. ಒಳಗಿನ ನಟ್ಟು ತಿರುಗಿದರೆ ಬೆರಳಿಗೆ ಮೊದಲು ತಿಳಿಯುತ್ತದೆ ಎಂದರು. ಬೆಂಚಿನ ಮೇಲಿದ್ದ ಇಬ್ಬರೂ ಮಾತು ನಿಲ್ಲಿಸಿದ್ದರು. ಎರಡು ದಿನಗಳಲ್ಲಿ ಮೊದಲ ಸಲ ಗ್ಯಾರೇಜಿನಲ್ಲಿ ಕನ್ನಡ ಕೇಳುತ್ತಿರಲಿಲ್ಲ.

ಐವತ್ತು ನಿಮಿಷ ಹೀಗೆ ನಡೆಯಿತು. ಆಮೇಲೆ ಪಾನ ಒಂದೇ ಸಮ ತಿರುಗಿತು. ಉಸ್ತಾದರ ಮುಖ ನೋಡಿದೆ. ನಟ್ಟು ಹೋಯಿತೆಂದೇ ತಿಳಿದೆ. ಅವರು ಬೆರಳು ತೆಗೆದು ಬೋಲ್ಟನ್ನು ಬರಿಗೈಯಿಂದ ಎರಡು ಸುತ್ತು ಬಿಚ್ಚಿ ತೋರಿಸಿದರು.

“ಬಂತು,” ಎಂದರು. “ಆಪಾ, ಛಾಯ್ ಹೇಳ್ರಿ.”

ಉಳಿದದ್ದು ಸಂತೋಷದ ಕೆಲಸ. ಉದ್ದ ಸಲಾಕೆ ಹಾಕಿ ತೊಟ್ಟಿಲನ್ನು ಎಡಕ್ಕೆ ಮೀಟಿದೆ. ಟೀಚರ್ ಒಂದು ಬದಿ ಟಾರ್ಚು ಹಿಡಿದರು, ವಿದ್ಯಾರ್ಥಿನಿ ಇನ್ನೊಂದು ಬದಿ. “ಇನ್ನಷ್ಟು... ಇನ್ನಷ್ಟು... ಭಾಳಾತು, ಹಿಂದ ಬಾ... ನಿಲ್ಲು!” ಚಂದ್ರ ಸಣ್ಣದಾಗುತ್ತ ಹೋಗಿ ವಾಷರಿನ ಕೆಳಗೆ ಮರೆಯಾದ. ನಾಲ್ಕೂ ಕಡೆ ಮರೆಯಾದ ಮೇಲೆ ಹೊಸ ಬೋಲ್ಟುಗಳನ್ನು ಹಾಕಿ, ಕಂಪನಿ ಹೇಳಿದ ಅಳತೆಗೆ ಬಿಗಿದು, ಪ್ರತಿಯೊಂದರ ನೆತ್ತಿಗೂ ಹಳದಿ ಬಣ್ಣದ ಗೆರೆ ಎಳೆದೆ. ಬುಷ್ಷಿನ ಬೋಲ್ಟುಗಳನ್ನು ಕಾರು ಇಳಿಸಿದ ಮೇಲೆ ಮತ್ತೊಮ್ಮೆ ಸಡಿಲಿಸಿ ನೆಲದ ಮೇಲೆಯೇ ಬಿಗಿದೆ. ಉಸ್ತಾದರು ಪಕ್ಕದಲ್ಲಿ ನಿಂತು, ಪ್ರತಿ ಬೋಲ್ಟಿಗೂ “ಜಮೀನ್ ಮ್ಯಾಲ,” ಎಂದು ಎಣಿಸಿದರು.

ಐದೂವರೆಗೆ ಯಂತ್ರದ ಪರದೆ ಹಸಿರಾಯಿತು. ಎಡ, ಬಲ ಎರಡೂ ಸೊನ್ನೆಯ ಆಸುಪಾಸು. ಯಾವ ತೆಳು ಬೋಲ್ಟೂ ಹಾಕಿರಲಿಲ್ಲ. ವಿದ್ಯಾರ್ಥಿನಿ ಓಡಿಸಿದರು. ಮುಗ್ಗರಿಸಿ ಹೊರಟರು, ಎಂಟು ಸಲ ನಿಲ್ಲಿಸಿ ಎಂಟು ಸಲ ಕುಪ್ಪಳಿಸಿದರು. ಸದ್ದಿಲ್ಲ. ನೇರ ರಸ್ತೆಯಲ್ಲಿ ಸ್ಟಿಯರಿಂಗಿನಿಂದ ಬೆರಳುಗಳನ್ನು ತುಸುವೇ ಎತ್ತಿದರು. ಕಾರು ಗೆರೆ ಕೊರೆದಂತೆ ಹೋಯಿತು.

“ಕೈ! ಕೈ ಇಡ್ರಿ ಅಕ್ಕಾರ!” ಎಂದು ಕೂಗಿದರು ಟೀಚರ್.

*

ಶುಕ್ರವಾರ ನಾನು ಹೋಗಬೇಕಾದ ಅಗತ್ಯವಿರಲಿಲ್ಲ. ಪಾನಗಳ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ಅದು ಕಾರಿಗಾಗಿ ಎಂದು ಉಸ್ತಾದರಿಗೆ ಹೇಳಿದೆ. ಅವರು ನಂಬಲಿಲ್ಲ.

ಟ್ರ್ಯಾಕಿನ ಬೇಲಿಯ ಹೊರಗೆ ಟೀಚರ್ ಮತ್ತು ನಾನು ನಿಂತೆವು. ಒಳಗೆ ಅಭ್ಯರ್ಥಿ ಒಬ್ಬರೇ. ಹಿಂದಕ್ಕೆ ಹೋಗಿ ನಿಲ್ಲಿಸುವ ಭಾಗವನ್ನು ಅವರು ನಿಧಾನವಾಗಿ, ಒಂದೂ ಕಂಬ ಮುಟ್ಟದೆ ಮುಗಿಸಿದರು. ಎಂಟರ ಆಕಾರದ ತಿರುವಿನಲ್ಲಿ ಕಾರು ಎಡಕ್ಕೂ ಬಲಕ್ಕೂ ಒಂದೇ ಹದದಲ್ಲಿ ತಿರುಗಿತು. ಅದನ್ನು ಗಮನಿಸಿದ್ದು ನಾನೊಬ್ಬನೇ ಇರಬೇಕು. ಏರಿನ ಮೇಲೆ ನಿಲ್ಲಿಸಿ ಹೊರಡುವಾಗ ಎಂಜಿನ್ನು ಒಮ್ಮೆ ಬಂದ್ ಬಿತ್ತು. ಕಾರು ಹಿಂದಕ್ಕೆ ಜಾರಲಿಲ್ಲ. ಟೀಚರ್ ಅವರ ಬಲಗಾಲು ನೆಲವನ್ನು ಒತ್ತಿತ್ತು, ಬ್ರೇಕು ಅಲ್ಲೇ ಇದ್ದಂತೆ. ವಿದ್ಯಾರ್ಥಿನಿ ಮತ್ತೆ ಚಾಲೂ ಮಾಡಿದರು, ಕ್ಲಚ್ಚು ಬಿಟ್ಟರು. ಕಾರು ಒಂದು ಸಣ್ಣ ಕುಪ್ಪಳ ಹೊಡೆದು ಏರು ಹತ್ತಿತು.

ಅಧಿಕಾರಿ ಕಾಗದದ ಮೇಲೆ ಗುರುತು ಹಾಕಿ, “ಪಾಸಮ್ಮಾ,” ಎಂದರು ತೆಲುಗಿನಲ್ಲಿ.

ವಿದ್ಯಾರ್ಥಿನಿ ಕಾಗದವನ್ನು ಎರಡು ಸಲ ಓದಿ, ಮಡಚಿ, ಚೀಲದಲ್ಲಿಟ್ಟರು. ಟೀಚರ್ ಅಳುತ್ತ ನಗುತ್ತಿದ್ದರು. ವಿದ್ಯಾರ್ಥಿನಿ ಅವರ ಬೆನ್ನು ತಟ್ಟಿ, “ತಡಿ, ಮೊದಲ ಒಂದ್ ಲೈನ್ ಹಚ್ಚತೀನಿ,” ಎಂದು ಫೋನು ತೆಗೆದರು. ಯಜಮಾನರಿಗೆ. ಆ ಕಡೆಯ ಮಾತು ನಮಗೆ ಕೇಳಲಿಲ್ಲ. ಈ ಕಡೆಯದನ್ನು ಕೇಳಿದಂತೆಯೇ ಬರೆಯುತ್ತಿದ್ದೇನೆ.

“ಹಲೋ. ಹ್ಞಾಂ, ನಾನಽ. ಆ ಭಾನುವಾರ ಗಾಡಿ ನೋಡಾಕ ಬರೋ ಮನಷ್ಯಾಗ ಒಂದ್ ಫೋನ್ ಮಾಡ್ರಿ. ಬರೋದು ಬ್ಯಾಡ ಅನ್ರಿ... ಹೌದು... ಇಲ್ಲ, ಎಷ್ಟು ಕೊಟ್ರೂ ಬ್ಯಾಡ... ಯಾಕ ಅಂತ ಕೇಳಿದ್ರ? ಗಾಡಿ ಹೊಡಿಯೋರು ಮನ್ಯಾಗಽ ಅದಾರ ಅಂತ ಹೇಳ್ರಿ.”